ಕುರ್ಚಿಗಳನ್ನು ಎಲ್ಲಿಡುತ್ತೀರಿ?

ಸಭಾಭವನದ ನಕ್ಷೆ ಬರೆಸಲು ನನ್ನ ಬಳಿ ಬರುವವರೆಲ್ಲರ ಬಾಯಲ್ಲೂ ಒಂದೇ ಮಾತು: 'ಬಹೂಪಯೋಗಿ'. ಸಮಾವೇಶದ ದಿನ 2,000 ಜನ ಹಿಡಿಯಬೇಕು; ಉಳಿದ ದಿನ ಮಕ್ಕಳ ಆಟ, ಹಿರಿಯರ ವ್ಯಾಯಾಮ, ಬಡಾವಣೆಯ ಸಭೆ. ಆಗಲಿ. ಮರುದಿನ ಬೆಳಿಗ್ಗೆ ಆ 2,000 ಕುರ್ಚಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ನಗುತ್ತಾರೆ.

ಲೆಕ್ಕ ಹಾಕಿ. ಹತ್ತು ಹತ್ತರಂತೆ ಪೇರಿಸಿದರೆ 200 ಅಟ್ಟಿ. ಒಂದಕ್ಕೆ 0.3 ಚದರ ಮೀಟರ್ ಎಂದರೂ 60 ಚದರ ಮೀಟರ್. ತಳ್ಳುಗಾಡಿ ತಿರುಗುವ ಜಾಗವೂ ಸೇರಿದರೆ ನೂರರ ಹತ್ತಿರ. ವೇದಿಕೆಯ ಹಲಗೆ, ದೀಪದ ಕಂಬಗಳು ಇದರಲ್ಲಿ ಸೇರಿಲ್ಲ. ಉಗ್ರಾಣ ಸಭಾಂಗಣದ ಮಟ್ಟದಲ್ಲೇ ಇರಬೇಕು, ಬಾಗಿಲು ಅಗಲವಾಗಿರಬೇಕು. ನೆಲಮಾಳಿಗೆಯಲ್ಲಿಟ್ಟರೆ ಯಾರೂ ಇಳಿಸುವುದಿಲ್ಲ. ಕಟ್ಟಡ ತಾನಾಗಿ ರೂಪ ಬದಲಿಸುವುದಿಲ್ಲ; ಬದಲಿಸುವವರು ಮನುಷ್ಯರು, ಅವರಿಗೆ ಬೆನ್ನು ನೋಯುತ್ತದೆ.

ಒಮ್ಮೆ ಒತ್ತಾಯಕ್ಕೆ ಮಣಿದು ಉಗ್ರಾಣವನ್ನು ಕೈಬಿಟ್ಟೆ, ತಪ್ಪು ನನ್ನದೇ. ಎರಡು ವರ್ಷದ ಬಳಿಕ ಹೋಗಿ ನೋಡಿದರೆ ಕುರ್ಚಿಗಳು ತುರ್ತು ಬಾಗಿಲಿಗೆ ಒರಗಿ ನಿಂತಿದ್ದವು. ಸಭಾಂಗಣವನ್ನು ಭಾಗ ಮಾಡುವ ದುಬಾರಿ ಮಡಚುಗೋಡೆ ಉದ್ಘಾಟನೆಯ ನಂತರ ಅಲುಗಿರಲಿಲ್ಲ. "ಎಳೆಯಲು ಆರು ಜನ ಬೇಕು ಸಾರ್, ಇರುವುದು ನಾನೊಬ್ಬ" ಎಂದರು ಕಾವಲುಗಾರರು. ನಕ್ಷೆ ಬರೆಯುವ ಮೊದಲೇ ಅವರನ್ನು ಕೇಳಬೇಕಿತ್ತು.

ಬೇರೆ ದಾರಿಯೂ ಇದೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸಗೊಳಿಸಿದ ಈಜು ಕೇಂದ್ರದಲ್ಲಿ ಸುಮಾರು 17,500 ಆಸನಗಳಿದ್ದವು; ಉಳಿಸಿಕೊಳ್ಳಲೆಂದು ಕಟ್ಟಿದ್ದು 2,500 ಮಾತ್ರ. ಎರಡು ಬದಿಯ ತಾತ್ಕಾಲಿಕ ರೆಕ್ಕೆಗಳನ್ನು ಕಳಚಿ ಗಾಜು ಕೂರಿಸಿದರು. ಈಗ ಅಲ್ಲಿ ಜನಸಾಮಾನ್ಯರು ಈಜುತ್ತಾರೆ. ದಿನನಿತ್ಯದ ಕಟ್ಟಡ ಮೊದಲು, ಜಾತ್ರೆ ಅದರ ಮೇಲೆ. ಅದೇ ಉದ್ಯಾನದ ಮುಖ್ಯ ಕ್ರೀಡಾಂಗಣವನ್ನೂ 80,000ದಿಂದ 25,000ಕ್ಕೆ ಇಳಿಸುವ ಯೋಜನೆಯಿತ್ತು. ಆಮೇಲೆ ಯಾರು ಬಳಸುತ್ತಾರೆಂಬ ತೀರ್ಮಾನ ತಡವಾಗಿ ಬದಲಾಯಿತು. ಫುಟ್‌ಬಾಲಿಗೆ ಒಗ್ಗಿಸಲು 30 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚಾಯಿತು.

ಹಾಗೆಂದು ಎಲ್ಲವನ್ನೂ ತಾತ್ಕಾಲಿಕ ಮಾಡಲಾಗದು. ಶೌಚಾಲಯವನ್ನು ಬಾಡಿಗೆಗೆ ತರಬಹುದು, ಹೊರಬಾಗಿಲನ್ನು ತರಲಾಗದು. ಅದನ್ನು ಅತಿ ಹೆಚ್ಚು ಜನ ಸೇರುವ ದಿನದ ಲೆಕ್ಕಕ್ಕೇ ಕಟ್ಟಬೇಕು. ಎಷ್ಟು ಅಗಲ ಎಂಬುದಕ್ಕೆ ನಿಮ್ಮ ಊರಿನ ಅಗ್ನಿಶಾಮಕ ನಿಯಮಗಳನ್ನು ನೋಡಿ, ಈ ಅಂಕಣವನ್ನಲ್ಲ.

ಕಳೆದ ತಿಂಗಳು ಮತ್ತೊಂದು ಸಮಿತಿ ನನ್ನ ನಕ್ಷೆಯ ಉಗ್ರಾಣದ ಮೇಲೆ ಕೆಂಪು ಗೆರೆ ಎಳೆಯಿತು. ಅಲ್ಲಿ ಅಧ್ಯಕ್ಷರ ವಿಶ್ರಾಂತಿ ಕೊಠಡಿ ಬರಬೇಕಂತೆ.