ಶಾಫ್ಟ್ ಡ್ರೈವ್, ಚೈನ್ ಡ್ರೈವ್: ಹಿಂಚಕ್ರಕ್ಕೆ ಬಲ ಹೋಗುವ ಎರಡು ದಾರಿ

ಗೇರ್‌ಬಾಕ್ಸಿನಿಂದ ಹೊರಬಂದ ಟಾರ್ಕನ್ನು (ತಿರುಗಿಸುವ ಬಲವನ್ನು) ಹಿಂಚಕ್ರಕ್ಕೆ ಮುಟ್ಟಿಸುವುದು ಮೇಲುನೋಟಕ್ಕೆ ಸಣ್ಣ ಕೆಲಸ. ತೊಡಕು ಏನೆಂದರೆ, ಆ ಚಕ್ರ ಒಂದೆಡೆ ನಿಲ್ಲುವುದಿಲ್ಲ. ಸ್ವಿಂಗ್ ಆರ್ಮ್ (ಮುಂತುದಿಯ ಕೀಲಿನ, ಅಂದರೆ ಪಿವಟ್‌ನ, ಮೇಲೆ ಆಡುತ್ತ ಹಿಂಚಕ್ರವನ್ನು ಹಿಡಿದಿರುವ ತೋಳು) ಜೊತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆಡುವ ಚಕ್ರಕ್ಕೆ ಬಲ ಕೊಡಬೇಕು, ಕೊಟ್ಟ ಬಲಕ್ಕೆ ಎದುರಾಗುವ ಪ್ರತಿಕ್ರಿಯೆಯನ್ನು ಯಾವುದಾದರೂ ಭಾಗ ಹೊರಬೇಕು. "ಚೈನ್ ಅಗ್ಗ, ಆರೈಕೆ ಜಾಸ್ತಿ, ಶಾಫ್ಟ್ ದುಬಾರಿ, ಆರೈಕೆ ಕಡಿಮೆ" ಎಂದು ನಾವೆಲ್ಲ ಎರಡು ಸಾಲು ಬರೆದು ಮುಂದೆ ಹೋಗುತ್ತೇವೆ. ಆ ಸಾಲುಗಳು ಸುಳ್ಳಲ್ಲ. ಆದರೆ ನನಗೆ ವಿಷಯ ಬಿಡಿಸಿಕೊಂಡದ್ದು "ಪ್ರತಿಕ್ರಿಯೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿಕೊಂಡ ಮೇಲೆ.

ಮೊದಲು ಕ್ರ್ಯಾಂಕ್‌ಶಾಫ್ಟ್ ನೋಡಿ

ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್ನಿನ ಆಟವನ್ನು ತಿರುಗುವಿಕೆಯಾಗಿ ಬದಲಿಸುವ ದಂಡ) ಬೈಕಿಗೆ ಅಡ್ಡವಾಗಿ ಮಲಗಿದ್ದರೆ ಅದರ ಅಕ್ಷವೂ ಹಿಂಚಕ್ರದ ಅಕ್ಷವೂ ಸಮಾನಾಂತರ. ಎರಡು ಸ್ಪ್ರಾಕೆಟ್ (ಹಲ್ಲಿನ ಗಾಲಿ) ಇಟ್ಟು ನಡುವೆ ಚೈನು ಹಾಕಿದರೆ ಕೆಲಸ ಆಯಿತು. ಅದೇ ಎಂಜಿನ್ನಿಗೆ ಶಾಫ್ಟ್ ಹಾಕಬೇಕೆಂದರೆ ತಿರುಗುವ ದಿಕ್ಕನ್ನು ಎರಡು ಸಲ 90 ಡಿಗ್ರಿ ಹೊರಳಿಸಬೇಕು: ಗೇರ್‌ಬಾಕ್ಸಿನ ಬಳಿ ಒಮ್ಮೆ, ಚಕ್ರದ ಬಳಿ ಇನ್ನೊಮ್ಮೆ. 1976ರ ಯಮಹಾ ಎಕ್ಸ್‌ಎಸ್ 750ರಲ್ಲಿ ಹೀಗೇ ಇದೆ.

ಕ್ರ್ಯಾಂಕ್ ಬೈಕಿನ ಉದ್ದಕ್ಕೆ ಮಲಗಿದ್ದರೆ ಕತೆಯೇ ಬೇರೆ. ಆಗ ಶಾಫ್ಟ್ ಎಂಜಿನ್ನಿನ ಬೆನ್ನಿಂದ ನೇರವಾಗಿ ಹಿಂದಕ್ಕೆ ಬರುತ್ತದೆ, ಒಂದೇ ತಿರುವು ಸಾಕು. ಬೆಲ್ಜಿಯಂನ ಎಫ್‌ಎನ್ ಕಂಪನಿ 1905ರಲ್ಲಿ ತಂದ ನಾಲ್ಕು ಸಿಲಿಂಡರಿನ ಬೈಕು, 1923ರ ಬಿಎಂಡಬ್ಲ್ಯು ಆರ್ 32, 1967ರ ಮೋಟೋ ಗುಜ್ಜಿ ವಿ7, 1975ರ ಹೋಂಡಾ ಗೋಲ್ಡ್ ವಿಂಗ್ ಎಲ್ಲವೂ ಈ ಜಾತಿಯವು. ಹಾಗಾಗಿ ಬೈಕಿಗೆ ಶಾಫ್ಟ್ ಏಕೆ ಬಂತು ಎಂಬುದಕ್ಕೆ ಉತ್ತರ ಎಷ್ಟೋ ಸಲ ಹಿಂಚಕ್ರದಲ್ಲಿ ಇರುವುದಿಲ್ಲ, ಎಂಜಿನ್ ಕೂತ ಭಂಗಿಯಲ್ಲಿ ಇರುತ್ತದೆ.

ಚೈನು

ಈಗ ನಾವು ಕಾಣುವ ಬುಷ್-ರೋಲರ್ ಚೈನಿನ ರೂಪ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಕೊಟ್ಟದ್ದು. ಪಿನ್, ಅದರ ಸುತ್ತ ಬುಷ್, ಅದರ ಮೇಲೆ ಉರುಳುವ ರೋಲರ್. ಓ-ರಿಂಗ್ ಚೈನಿನಲ್ಲಿ ಪಿನ್ ಮತ್ತು ಬುಷ್ ನಡುವಿನ ಗ್ರೀಸನ್ನು ರಬ್ಬರ್ ಉಂಗುರ ಹಿಡಿದಿಡುತ್ತದೆ. ನಾವು ಹೊರಗಿಂದ ಹಾಕುವ ಎಣ್ಣೆ ಅದರ ಒಳಕ್ಕೆ ಹೋಗುವುದಿಲ್ಲ. ರೋಲರಿಗೆ, ಉಂಗುರ ಒಣಗದಿರಲಿಕ್ಕೆ, ತುಕ್ಕು ತಡೆಯಲಿಕ್ಕೆ ಮಾತ್ರ ಅದು.

ಚೈನಿನ ನಂಬರ್ ಓದುವುದು ಸುಲಭ. 520ರಲ್ಲಿ ಮೊದಲ 5 ಎಂದರೆ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ) 5/8 ಇಂಚು, ಅಂದರೆ 15.875 ಮಿ.ಮೀ. ಆಮೇಲಿನ 20 ಒಳ ಅಗಲ: 2/8 ಇಂಚು, 6.35 ಮಿ.ಮೀ. 530 ಕೂಡ ಅದೇ ಪಿಚ್, ಅಗಲ ಮಾತ್ರ 3/8 ಇಂಚು. 428ರ ಪಿಚ್ ಅರ್ಧ ಇಂಚು.

ಸ್ಪ್ರಾಕೆಟ್ ಮೇಲೆ ಚೈನು ನಿಜವಾದ ವೃತ್ತದಲ್ಲಿ ಬಾಗುವುದಿಲ್ಲ, ಬಹುಭುಜದ ಹಾಗೆ ಮುರಿದು ಮುರಿದು ಬಾಗುತ್ತದೆ. ಆದ್ದರಿಂದ ಸ್ಪ್ರಾಕೆಟ್ ಒಂದೇ ವೇಗದಲ್ಲಿ ತಿರುಗಿದರೂ ಚೈನಿನ ವೇಗ ಸಣ್ಣಗೆ ಏರಿಳಿಯುತ್ತದೆ. 17 ಹಲ್ಲಿಗೆ ಈ ಏರಿಳಿತ ಸುಮಾರು 1.7%, 13 ಹಲ್ಲಿಗೆ 2.9%, 11 ಹಲ್ಲಿಗೆ 4%. ಮುಂದಿನ ಸ್ಪ್ರಾಕೆಟನ್ನು ತೀರಾ ಚಿಕ್ಕದು ಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಚೈನಿನ ದೊಡ್ಡ ಅನುಕೂಲ ಎಂದರೆ ಅನುಪಾತ ಬದಲಿಸುವ ಸಲೀಸು. ಮುಂದೆ 15, ಹಿಂದೆ 45 ಹಲ್ಲು ಇದ್ದರೆ 3.0. ಮುಂದೆ ಒಂದು ಹಲ್ಲು ಇಳಿಸಿದರೆ 3.21; ಹಿಂದೆ ಮೂರು ಹಲ್ಲು ಏರಿಸಿದರೂ ಹೆಚ್ಚುಕಡಿಮೆ ಅಷ್ಟೇ, 3.2. ಶಾಫ್ಟ್ ಬೈಕಿನಲ್ಲಿ ಇದೇ ಬದಲಾವಣೆಗೆ, ತಿರುಗುವ ದಿಕ್ಕನ್ನು 90 ಡಿಗ್ರಿ ಹೊರಳಿಸುವ ಬೆವೆಲ್ ಗೇರಿನ ಜೋಡಿಯನ್ನೇ ಬದಲಿಸಬೇಕು. ರೇಸಿಂಗಿನಲ್ಲಿ ಚೈನೇ ಏಕೆ ಉಳಿಯಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಸಡಿಲದ ಬಗ್ಗೆ ಒಂದು ಮಾತು. ಮುಂದಿನ ಸ್ಪ್ರಾಕೆಟ್ ಸ್ವಿಂಗ್ ಆರ್ಮಿನ ಪಿವಟ್ ಮೇಲೆ ಇರುವುದಿಲ್ಲ, ಸ್ವಲ್ಪ ಮುಂದಿರುತ್ತದೆ. ಚಕ್ರ ಮೇಲೇರುವಾಗ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದ ಗಳಿಗೆಯಲ್ಲಿ ಸ್ಪ್ರಾಕೆಟ್‌ಗಳ ನಡುವಿನ ದೂರ ಅತಿ ಹೆಚ್ಚು. ಆಗಲೂ ಚೈನು ಬಿಗಿಯಾಗಬಾರದು. ಬೈಕಿನ ಕೈಪಿಡಿ ಹೇಳುವ ಸಡಿಲ ಆ ಗಳಿಗೆಗಾಗಿ ಉಳಿಸಿಟ್ಟ ಜಾಗ. ಬಿಗಿ ಚೈನು ಸಡಿಲ ಚೈನಿಗಿಂತ ಕೆಟ್ಟದ್ದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದು ಗೇರ್‌ಬಾಕ್ಸಿನ ಹೊರ ಶಾಫ್ಟಿನ ಬೇರಿಂಗನ್ನೇ ತಿನ್ನುತ್ತದೆ.

ಶಾಫ್ಟ್

ಇಲ್ಲಿ ಮೂರು ಭಾಗ: ಯೂನಿವರ್ಸಲ್ ಜಾಯಿಂಟ್, ಉದ್ದನೆಯ ಶಾಫ್ಟ್, ಕೊನೆಯಲ್ಲಿ ಬೆವೆಲ್ ಗೇರು. ಆರ್ಮ್ ಆಡುವಾಗ ಬಾಗಲು ಜಾಯಿಂಟು, ಉದ್ದ ಹೆಚ್ಚುಕಡಿಮೆ ಆಗಲು ಸ್ಪ್ಲೈನು (ಉದ್ದುದ್ದ ಹಲ್ಲುಗಳ ಮೇಲೆ ಜಾರುವ ಜೋಡಣೆ).

ಶಾಫ್ಟ್ ಎಂದರೆ ಬೆಣ್ಣೆಯಂತೆ ನಯ ಎಂಬ ನಂಬಿಕೆ ಇದೆ. ಆದರೆ ಒಂಟಿ ಜಾಯಿಂಟು ಬಾಗಿದಾಗ ಅದರ ಆಚೆಯ ಶಾಫ್ಟಿನ ವೇಗ ಒಂದು ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಕೋನ 5 ಡಿಗ್ರಿ ಇದ್ದರೆ ಮೇಲೆ ಕೆಳಗೆ 0.4%, 10 ಡಿಗ್ರಿ ಇದ್ದರೆ 1.5%. ಎರಡನೆಯ ಜಾಯಿಂಟನ್ನು ಸರಿಯಾದ ಹೊಂದಾಣಿಕೆಯಲ್ಲಿ ಕೂರಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ.

ಹೊರೆ ಹೇಗೆ ಹಂಚಿಕೆಯಾಗುತ್ತದೆ ಎಂದು ಒಂದು ಲೆಕ್ಕ ಹಾಕೋಣ. ಟೈರು ನೆಲವನ್ನು 1000 ನ್ಯೂಟನ್ ಬಲದಿಂದ ತಳ್ಳುತ್ತಿದೆ, ಚಕ್ರದ ತ್ರಿಜ್ಯ 0.31 ಮೀಟರ್ ಎಂದುಕೊಳ್ಳಿ. ಚಕ್ರದ ಟಾರ್ಕ್ 310 ನ್ಯೂಟನ್-ಮೀಟರ್. 45 ಹಲ್ಲಿನ 520 ಸ್ಪ್ರಾಕೆಟಿನ ತ್ರಿಜ್ಯ ಸುಮಾರು 0.114 ಮೀಟರ್, ಹಾಗಾಗಿ ಚೈನಿನ ಮೇಲಿನ ಎಳೆಯಲ್ಲಿ ಸುಮಾರು 2700 ನ್ಯೂಟನ್ ಸೆಳೆತ. ಶಾಫ್ಟ್ ಬೈಕಿನಲ್ಲಿ 3:1 ಇಳಿಕೆ ಕೊನೆಯ ಬೆವೆಲ್ ಗೇರಿನಲ್ಲಿ ಆಗುತ್ತದೆ ಎಂದರೆ ಶಾಫ್ಟಿಗೆ ಬರುವ ಟಾರ್ಕ್ 103 ನ್ಯೂಟನ್-ಮೀಟರ್ ಮಾತ್ರ. ನಿಜವಾದ ಕಷ್ಟ ಬೆವೆಲ್ ಪೆಟ್ಟಿಗೆಗೆ.

ಬೈಕಿನ ಹಿಂಭಾಗ ಏಕೆ ಏಳುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಪೆನ್ಸಿಲ್ ಹಿಡಿದು ಚಿತ್ರ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಬೈಕು ವೇಗ ಪಡೆಯುವಾಗ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನ ಸ್ಪ್ರಿಂಗ್ ಕುಗ್ಗಬೇಕು. ಆದರೆ ಹಳೆಯ ಶಾಫ್ಟ್ ಬೈಕುಗಳಲ್ಲಿ ಸೀಟು ಮೇಲೇಳುತ್ತದೆ! ಬೆವೆಲ್ ಪೆಟ್ಟಿಗೆಯನ್ನು ಆರ್ಮಿಗೆ ಗಟ್ಟಿಯಾಗಿ ಬಿಗಿದಿರುವುದೇ ಕಾರಣ. ಪಿನಿಯನ್ (ಬೆವೆಲ್ ಜೋಡಿಯ ಚಿಕ್ಕ ಗೇರು) ದೊಡ್ಡ ಗೇರನ್ನು ತಿರುಗಿಸುವಾಗ ಅದರ ಹಲ್ಲುಗಳ ಮೇಲೆ ತಾನೇ ಹತ್ತಲು ನೋಡುತ್ತದೆ. ಪೆಟ್ಟಿಗೆಯ ಜೊತೆ ಆರ್ಮಿನ ಮುಂತುದಿಯೂ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ.

ಟೈರು ನೆಲ ಮುಟ್ಟುವ ಬಿಂದುವಿನಿಂದ ಪಿವಟ್‌ಗೆ ಒಂದು ಗೆರೆ ಎಳೆಯಿರಿ. ಪಿವಟ್ ಎತ್ತರ 0.40 ಮೀಟರ್, ಅಡ್ಡ ದೂರ 0.52 ಮೀಟರ್ ಆದರೆ ಗೆರೆಯ ಓಟ (ಎತ್ತರ ಭಾಗಿಸು ಅಡ್ಡ ದೂರ) 0.77. ಇದು ಎತ್ತುವ ಪಾಲು. ತಗ್ಗಿಸುವ ಪಾಲು ಗುರುತ್ವ ಕೇಂದ್ರದ ಎತ್ತರವನ್ನು ಚಕ್ರಾಂತರದಿಂದ ಭಾಗಿಸಿದ್ದು: 0.62 ಭಾಗಿಸು 1.45, ಅಂದರೆ 0.43. ಉಳಿಯುವುದು 0.34. ಅದೇ 1000 ನ್ಯೂಟನ್ ತಳ್ಳುವಿಕೆಗೆ 340 ನ್ಯೂಟನ್ ಹಿಂಭಾಗವನ್ನು ಎತ್ತುತ್ತದೆ.

ಚೈನ್ ಬೈಕಿನಲ್ಲಿ ಗೆರೆಯನ್ನು ಪಿವಟ್‌ಗೆ ಎಳೆಯಬಾರದು. ಚೈನಿನ ಮೇಲಿನ ಎಳೆಯನ್ನೂ ಆರ್ಮಿನ ಗೆರೆಯನ್ನೂ ಮುಂದಕ್ಕೆ ಚಾಚಿ. ಅವು ಕೂಡುವ ಬಿಂದು ಪಿವಟ್‌ಗಿಂತ ಸಾಕಷ್ಟು ಮುಂದೆ ಸಿಗುತ್ತದೆ. ನನ್ನ ಚಿತ್ರದಲ್ಲಿ ಅದು ಟೈರು ನೆಲ ಮುಟ್ಟುವ ಬಿಂದುವಿನಿಂದ 0.78 ಮೀಟರ್ ಮುಂದೆ, 0.44 ಮೀಟರ್ ಎತ್ತರದಲ್ಲಿ ಬಂತು. ಓಟ 0.56, ಉಳಿಯುವುದು 0.13. ಅಂದರೆ ಚೈನೂ ಎತ್ತುತ್ತದೆ, ಆದರೆ ಕಡಿಮೆ. ಸ್ಪ್ರಾಕೆಟ್ ಗಾತ್ರ ಬದಲಿಸಿದರೆ ಈ ಬಿಂದುವೂ ಸರಿಯುತ್ತದೆ.

ಥ್ರಾಟಲ್ ಮುಚ್ಚಿದರೆ ಎಲ್ಲವೂ ತಿರುಗುಮುರುಗು. ತಿರುವಿನ ನಡುವೆ ಬೆಚ್ಚಿ ಥ್ರಾಟಲ್ ಬಿಟ್ಟವರ ಹಳೆಯ ಶಾಫ್ಟ್ ಬೈಕು ತಗ್ಗುತ್ತದೆ, ನೆಲಕ್ಕೂ ಬೈಕಿಗೂ ಇರುವ ಅಂತರ ಬೇಕಾದಾಗಲೇ ಕಡಿಮೆಯಾಗುತ್ತದೆ.

1987ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 100 ಜಿಎಸ್ ಬೈಕಿಗೆ ಪ್ಯಾರಾಲಿವರ್ ತಂದದ್ದು ಇದಕ್ಕಾಗಿ. ಪೆಟ್ಟಿಗೆಯನ್ನು ಆರ್ಮಿನ ತುದಿಯಲ್ಲಿ ಆಡಲು ಬಿಟ್ಟು, ಅದರ ಪ್ರತಿಕ್ರಿಯೆಯನ್ನು ಒಂದು ಕಡ್ಡಿಯ ಮೂಲಕ ಮುಂದಕ್ಕೆ ಕಳಿಸುತ್ತಾರೆ. ಈಗ ಆರ್ಮಿನ ಗೆರೆಯೂ ಕಡ್ಡಿಯ ಗೆರೆಯೂ ಕೂಡುವ ಬಿಂದು ಬಹಳ ಮುಂದೆ ಹೋಯಿತು, ಆರ್ಮ್ ಉದ್ದವಾದಂತೆಯೇ ಆಯಿತು. ಚೈನಿಗೆ ತಾನಾಗಿ ಸಿಕ್ಕಿದ್ದನ್ನು ಶಾಫ್ಟಿಗೆ ದುಡಿದು ಕೊಡಬೇಕಾಯಿತು.

ಒಂದು ಗೊಂದಲ

ನಿಂತಲ್ಲೇ ಥ್ರಾಟಲ್ ತಿರುವಿದರೆ ಬಾಕ್ಸರ್ ಬೈಕು (ಸಿಲಿಂಡರುಗಳು ಎರಡೂ ಪಕ್ಕಕ್ಕೆ ಚಾಚಿದ್ದು, ಬಿಎಂಡಬ್ಲ್ಯು ಆರ್ 32ರ ಹಾಗೆ) ಪಕ್ಕಕ್ಕೆ ವಾಲುತ್ತದಲ್ಲ, ಅದನ್ನು ಶಾಫ್ಟಿನ ತಲೆಗೆ ಕಟ್ಟುವವರು ಬಹಳ. ನಾನೂ ಕಟ್ಟಿದ್ದೆ. ನ್ಯೂಟ್ರಲ್‌ನಲ್ಲಿ ಶಾಫ್ಟ್ ತಿರುಗುವುದೇ ಇಲ್ಲ! ವಾಲಿಸುವುದು ಉದ್ದಕ್ಕೆ ಮಲಗಿದ ಕ್ರ್ಯಾಂಕಿನ ಜಡತ್ವ. ಹೋಂಡಾ ಜಿಎಲ್ 1000ರಲ್ಲಿ (ಮೇಲೆ ಹೇಳಿದ ಗೋಲ್ಡ್ ವಿಂಗ್) ಜನರೇಟರನ್ನು ಎದುರು ದಿಕ್ಕಿಗೆ ತಿರುಗಿಸಿ ಇದನ್ನು ಸರಿದೂಗಿಸಿದರು. ಓಡುವಾಗ ಶಾಫ್ಟಿನ ಅಡ್ಡ ತಿರುಚುವಿಕೆ ಗೇರ್‌ಬಾಕ್ಸಿನ ಕಡೆಯ ಎದುರು ತಿರುಚುವಿಕೆಯ ಜೊತೆ ಚೌಕಟ್ಟಿನೊಳಗೇ ತೀರಿಹೋಗುತ್ತದೆ.

ಸವೆತ ಕಾಣುವುದು ಎಲ್ಲಿ?

ಚೈನು ಹಿಗ್ಗಿತು ಎನ್ನುತ್ತೇವೆ, ಆದರೆ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಬುಷ್ಷೂ ಕೂದಲಿನಷ್ಟು ಸವೆದು, ಆ ಸವೆತ ಕೂಡಿ ಉದ್ದವಾಗುತ್ತದೆ. ಹೊಸ 520 ಚೈನಿನಲ್ಲಿ 20 ಪಿಚ್ ಅಳೆದರೆ 317.5 ಮಿ.ಮೀ. ಅದು 1% ಹೆಚ್ಚಾದರೆ 320.7 ಮಿ.ಮೀ. ಚೈನನ್ನು ಎಳೆದು ಹಿಡಿದು ಸ್ಕೇಲಿನಲ್ಲೇ ಅಳೆಯಬಹುದು. ಎಲ್ಲಿ ಬದಲಿಸಬೇಕು ಎಂಬುದನ್ನು ಆ ಬೈಕಿನ ಕೈಪಿಡಿಯಲ್ಲಿ ನೋಡಿ.

ಶಾಫ್ಟಿನಲ್ಲಿ ಸ್ಕೇಲು ಇಡಲು ಜಾಗವಿಲ್ಲ. ಬೆವೆಲ್ ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿದಾಗ ಅದನ್ನೇ ಓದಬೇಕು. ಅಯಸ್ಕಾಂತದ ಡ್ರೈನ್ ಬೋಲ್ಟಿಗೆ ಬೂದು ಬಣ್ಣದ ನುಣ್ಣನೆಯ ಕೆಸರು ಹತ್ತಿದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಇಷ್ಟು ನೋಡಿ, ಚಕ್ರವನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ: ಸೊಟ್ಟಗೆ ಆಡಿದರೆ ಬೇರಿಂಗು. ಗೇರಿನಲ್ಲಿಟ್ಟು ಚಕ್ರವನ್ನು ಹಿಂದೆ ಮುಂದೆ ತಿರುವಿದಾಗ ಖಾಲಿ ಆಟ ಕಳೆದ ಸಲಕ್ಕಿಂತ ಹೆಚ್ಚಿದ್ದರೆ, ಮೊದಲು ಸ್ಪ್ಲೈನನ್ನೂ ಜಾಯಿಂಟನ್ನೂ ಬಿಚ್ಚಿ ನೋಡಿ.