ಚಕ್ರ ತಿನ್ನುವ ಟಯರು, 24ರಿಂದ ಭಾಗವಾಗದ ಕಾರು

ಆಟಿ ತಿಂಗಳ ಮಳೆಗೆ ಕಾಪುವಿನ ನಮ್ಮ ಮನೆಯ ಹಂಚು ಸೋರತೊಡಗಿತ್ತು. ಅಟ್ಟದ ಸಾಮಾನು ಇಳಿಸುವಾಗ ಹಳೆಯ ಬಿಸ್ಕೆಟ್ ಡಬ್ಬದಲ್ಲಿ ಒಂದು ಕಾರು ಸಿಕ್ಕಿತು. 1994ರಲ್ಲಿ ಮಾವ ದುಬೈಯಿಂದ ತಂದ ಪ್ಲಾಸ್ಟಿಕ್ ಕಿಟ್, ರಜೆಯಲ್ಲಿ ನಾನೇ ಗಮ್ ಹಚ್ಚಿ ಜೋಡಿಸಿದ್ದು. ಬಾಡಿ ಗಟ್ಟಿಯಾಗಿಯೇ ಇತ್ತು. ಗಾಜು ಸ್ವಲ್ಪ ಹಳದಿ ತಿರುಗಿತ್ತು, ಅಷ್ಟೆ. ಆದರೆ ನಾಲ್ಕೂ ಚಕ್ರಗಳ ರಿಮ್ಮು ಟಯರು ಮುಟ್ಟಿದಲ್ಲೆಲ್ಲ ಕರಗಿ ಹೋಗಿತ್ತು. ಟಯರನ್ನು ಮೆಲ್ಲಗೆ ಎಳೆದರೆ ರಿಮ್ಮಿನ ಬೆಳ್ಳಿ ಬಣ್ಣ ಹಲಸಿನ ಮೇಣದ ಹಾಗೆ ನೂಲು ನೂಲಾಗಿ ಅದರ ಜೊತೆಗೇ ಬಂತು.

"ಅಟ್ಟದ ಸೆಕೆಗೆ ಕರಗಿದ್ದು," ಅಂದರು ಅಮ್ಮ. ಮಾವ ಅಲ್ಲೇ ಕುಳಿತಿದ್ದರು. "ಸೆಕೆ ಎಂತದ್ದು, ದೃಷ್ಟಿ ಬಿದ್ದದ್ದು ಮಾರಾಯ. ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸ್ತಾ ಇದ್ದೆಯಲ್ಲ!"

ಇಬ್ಬರದೂ ತಪ್ಪು. ಕಿಟ್ ಕಾರುಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದು ಮೆತ್ತಗಾಗಲು ಹತ್ತಿರ ಹತ್ತಿರ 100 ಡಿಗ್ರಿ ಬೇಕು. ಏಪ್ರಿಲ್‌ನಲ್ಲೂ ನಮ್ಮ ಅಟ್ಟ ಅಷ್ಟು ಕಾಯುವುದಿಲ್ಲ. ಸೆಕೆಯೇ ಕಾರಣ ಆಗಿದ್ದರೆ ಕೂದಲಿನಷ್ಟು ತೆಳ್ಳಗಿನ ವೈಪರ್ ಮೊದಲು ಸೊಟ್ಟ ಆಗಬೇಕಿತ್ತು. ಇನ್ನು ದೃಷ್ಟಿ ಬೀಳುವುದಿದ್ದರೆ ಕೆಂಪಗೆ ಹೊಳೆಯುವ ಬಾನೆಟ್ಟು ಬಿಟ್ಟು ಟಯರಿನ ಒಳಗಡೆ, ಯಾರ ಕಣ್ಣಿಗೂ ಕಾಣದ ಜಾಗಕ್ಕೆ ಯಾಕೆ ಬೀಳುತ್ತದೆ? ಕರಗಿದ್ದು ಟಯರು ಮುಟ್ಟಿದ ಕಡೆ ಮಾತ್ರ. ಕಳ್ಳ ಅಲ್ಲೇ ಇದ್ದಾನೆ.

ಆ ಟಯರು ರಬ್ಬರಿನದ್ದಲ್ಲ, ಪಿವಿಸಿಯದ್ದು. ಮನೆಗೆ ನೀರು ತರುವ ಪೈಪೂ ಪಿವಿಸಿಯೇ. ಪೈಪು ಕಲ್ಲಿನ ಹಾಗೆ ಗಟ್ಟಿ, ಟಯರು ಮೆತ್ತಗೆ. ಹೇಗೆ? 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನ ತಜ್ಞ ವಾಲ್ಡೋ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಗಮ್ ಹುಡುಕುತ್ತಿದ್ದರು. ಯಾರಿಗೂ ಬೇಡದ ಪಿವಿಸಿಯನ್ನು, ಸುಲಭಕ್ಕೆ ಆವಿಯಾಗದ ದ್ರಾವಕದಲ್ಲಿ ಬಿಸಿ ಮಾಡಿ ನೋಡಿದರು. ಗಮ್ ಸಿಗಲಿಲ್ಲ. ಬಳುಕುವ, ಪುಟಿಯುವ ಒಂದು ಮುದ್ದೆ ಸಿಕ್ಕಿತು. ಇವತ್ತಿನ ರೆಕ್ಸಿನ್, ವಯರಿನ ಸಿಪ್ಪೆ, ರೈನ್‌ಕೋಟುಗಳೆಲ್ಲ ಆ ಮುದ್ದೆಯ ಮಕ್ಕಳು.

ಗಟ್ಟಿ ಪಿವಿಸಿಯ ಉದ್ದುದ್ದ ಸರಪಳಿ ಅಣುಗಳ ನಡುವೆ ಎಣ್ಣೆಯಂಥ ಒಂದು ದ್ರವ ಸೇರಿಕೊಂಡರೆ ಅವು ಒಂದರ ಮೇಲೊಂದು ಜಾರುತ್ತವೆ. ಒಣ ಶ್ಯಾವಿಗೆಗೆ ತೆಂಗಿನೆಣ್ಣೆ ಹಾಕಿ ಕಲಸಿದ ಹಾಗೆ. ಮೆತ್ತಗಿನ ಪಿವಿಸಿಯ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಈ ಎಣ್ಣೆಯೇ ಇರಬಹುದು. ಗಮನಿಸಬೇಕಾದ್ದು ಏನೆಂದರೆ, ಎಣ್ಣೆಗೂ ಸರಪಳಿಗೂ ರಾಸಾಯನಿಕ ಗಂಟು ಬಿದ್ದಿಲ್ಲ. ಎಣ್ಣೆ ಅಲ್ಲಿ ಬಾಡಿಗೆಗೆ ಇದೆ. ಪಕ್ಕದಲ್ಲಿ ಒಳ್ಳೆ ಮನೆ ಕಂಡರೆ ಹೊರಟುಬಿಡುತ್ತದೆ. ಪೇಪರಿನ ಮೇಲಿಟ್ಟ ಚಕ್ಕುಲಿಯ ಸುತ್ತ ಎಣ್ಣೆಯ ಉಂಗುರ ಹಬ್ಬುವುದಿಲ್ವಾ? ಪಾಲಿಸ್ಟೈರೀನ್ ಇದಕ್ಕೆ ಒಳ್ಳೆ ಮನೆ. ಅದರೊಳಗೆ ಹೊಕ್ಕ ಎಣ್ಣೆ ಅದರ ಸರಪಳಿಗಳನ್ನೂ ಸಡಿಲ ಮಾಡುತ್ತದೆ. ರಿಮ್ಮು ಮೇಣವಾಗುತ್ತದೆ.

ಹಲಸಿನ ಮೇಣದ ಮಾತು ಸುಮ್ನೆ ತಂದದ್ದಲ್ಲ. ಹಲಸು ಬಿಡಿಸುವ ಮುಂಚೆ ಕೈಗೆ ತೆಂಗಿನೆಣ್ಣೆ ಹಚ್ಚುತ್ತೇವೆ, ನೀರು ಹಚ್ಚುವುದಿಲ್ಲ. ಮೇಣಕ್ಕೆ ನೀರು ಆಗುವುದಿಲ್ಲ, ಎಣ್ಣೆ ಆಗುತ್ತದೆ. ತನ್ನಂಥದ್ದರಲ್ಲಿ ತಾನು ಕರಗುವುದು ರಸಾಯನದ ಹಳೇ ನಿಯಮ. ಅನುಮಾನ ಇದ್ದರೆ ಕಿತ್ತಳೆ ಸಿಪ್ಪೆಯನ್ನು ಥರ್ಮಾಕೋಲ್ ಮೇಲೆ ಹಿಂಡಿ ನೋಡಿ. ಸಿಪ್ಪೆಯ ಎಣ್ಣೆಯಲ್ಲಿ ಲಿಮೋನೀನ್ ಎಂಬ ದ್ರಾವಕ ಇದೆ. ಥರ್ಮಾಕೋಲ್ ಎಂದರೆ ಗಾಳಿ ತುಂಬಿದ ಪಾಲಿಸ್ಟೈರೀನ್. ಹನಿ ಬಿದ್ದಲ್ಲಿ ಗುಳಿ ಬೀಳುತ್ತದೆ. ಕಿಟ್ ಜೋಡಿಸುವ ಗಮ್ಮೂ ಇದೇ ಕೆಲಸ ಮಾಡುವುದು. ಅದು ಅಂಟಿಸುವುದಿಲ್ಲ, ಎರಡೂ ತುಂಡುಗಳನ್ನು ತುಸು ಕರಗಿಸಿ ಒಂದಕ್ಕೊಂದು ಬೆರೆಸಿ ತಾನು ಆವಿಯಾಗುತ್ತದೆ. ಟಯರಿನ ಎಣ್ಣೆ ಆವಿಯಾಗದ ಗಮ್. ಹಾಗಾಗಿ ಅದರ ಕೆಲಸ ಮುಗಿಯುವುದೇ ಇಲ್ಲ.

ಇದು ನಿಮಗೆ ಹೊಸದೇನೂ ಅಲ್ಲ. ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ಅಳಿಸುವ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಕಚ್ಚಿಕೊಂಡು, ಕಿತ್ತಾಗ ಸ್ಕೇಲಿನಲ್ಲಿ ಗುಂಡಿ ಬಿದ್ದದ್ದು ನೆನಪಿದೆಯಾ? ಅದೇ ಪಿವಿಸಿ, ಅದೇ ಎಣ್ಣೆ. ರಬ್ಬರಿಗೆ ಸುತ್ತಿ ಕೊಡುವ ಕಾಗದ ಇದನ್ನೂ ತಡೆಯುತ್ತದೆ. ನಾವು ಮೊದಲ ದಿನವೇ ಅದನ್ನು ಹರಿದು ಬಿಸಾಡುತ್ತಿದ್ದೆವು. ನಮ್ಮ ಅಟ್ಟದ ಸೆಕೆ ರಿಮ್ಮನ್ನು ನೇರವಾಗಿ ಕರಗಿಸಲಿಲ್ಲ ನಿಜ, ಆದರೆ ಎಣ್ಣೆಯ ಪಯಣಕ್ಕೆ ವೇಗ ಕೊಟ್ಟಿತು. ಕಾಲು ಪಾಲು ಅಂಕ ಅಮ್ಮನಿಗೆ ಕೊಡಬಹುದು. ಮಾವನಿಗೆ ಸೊನ್ನೆ.

ಈಗ ವಿಷಯಕ್ಕೆ ಬರ್ತೇನೆ. ಕಾರು ಕಿಟ್ ಮಾಡುವ ಕಂಪನಿಗಳಿಂದ ನಿಮಗೇನು ಬೇಕು ಅಂತ ನನ್ನಂಥವರನ್ನು ಯಾರಾದರೂ ಕೇಳಿದರೆ, ಮೊದಲ ಉತ್ತರ ಪಾಪದ್ದು: ಟಯರನ್ನು ಬೇರೆ ಪೊಟ್ಟಣದಲ್ಲಿ ಹಾಕಿ ಕೊಡಿ, ರಿಮ್ಮು ತಿನ್ನದ ವಸ್ತುವಿನಿಂದ ಮಾಡಿ. ಡಬ್ಬದೊಳಗೆ ಕಿಟಕಿ ಗಾಜಿನ ಪ್ಲಾಸ್ಟಿಕ್ ತುಂಡುಗಳ ಮೇಲೆ ಟಯರು ಮಲಗಿರುವ ಕಿಟ್ಟುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಲ್ಲಿಯವರೆಗೆ ನಾನು ರಿಮ್ಮಿಗೆ ತೆಳು ಅಲ್ಯೂಮಿನಿಯಂ ಹಾಳೆ ಸುತ್ತಿ ಟಯರು ಹಾಕುತ್ತೇನೆ. ಲೋಹ ದಾಟಲು ಆ ಎಣ್ಣೆಗೆ ಆಗುವುದಿಲ್ಲ.

ಆದರೆ ಜನ ಏನು ತಿಳಿದಿದ್ದಾರೆ ಗೊತ್ತಾ? ತುಂಡುಗಳು ಜಾಸ್ತಿ ಇದ್ದಷ್ಟೂ ಕಿಟ್ ಒಳ್ಳೆಯದು ಅಂತ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು: "ಈಗ ಲೇಸರ್ ಸ್ಕ್ಯಾನರ್ ಉಂಟಲ್ಲ, ನಿಜ ಕಾರನ್ನು ಅಳೆದು 24ರಿಂದ ಭಾಗಿಸಿದರೆ ಆಯ್ತು." ಇದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಂಥ ಕಿಟ್ ನಿಜ ಕಾರಿನ 24ನೇ ಒಂದು ಪಾಲು, ಹಾಗಾಗಿ ಈ 24. ಕಾರಿನ ಉದ್ದ 24ರಿಂದ ಭಾಗವಾಗುತ್ತದೆ. ಬೇರೆ ಎಷ್ಟೋ ಸಂಗತಿ ಭಾಗವಾಗಲು ಒಪ್ಪುವುದೇ ಇಲ್ಲ.

ಅಂಬಾಸಿಡರನ್ನೇ ತಗೊಳ್ಳಿ. ಉದ್ದ ಸುಮಾರು 4.3 ಮೀಟರ್, 24ರಿಂದ ಭಾಗಿಸಿದರೆ 18 ಸೆಂಟಿಮೀಟರ್. ಸಲೀಸು. ಅದರ ತಗಡು 0.8 ಮಿಲಿಮೀಟರ್ ಅಂತ ಇಟ್ಟುಕೊಂಡರೆ ಭಾಗಿಸಿದಾಗ ಬರುವುದು 0.033. ತಲೆಕೂದಲಿಗಿಂತ ತೆಳು. ಅಷ್ಟು ಸಪೂರ ಜಾಗದಲ್ಲಿ ಕರಗಿದ ಪ್ಲಾಸ್ಟಿಕ್ ಹರಿಯುವುದಿಲ್ಲ, ನಡುದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಕಿಟ್ಟಿನ ಬಾಡಿ ಸುಮಾರು 1 ಮಿಲಿಮೀಟರ್ ದಪ್ಪ. ನಿಜ ಕಾರಿಗೆ ಹೋಲಿಸಿದರೆ ಒಂದು ಇಂಚಿನ ತಗಡು ಹೊಡೆದ ಹಾಗೆ! ಕಿಟಕಿಯ ಅಂಚು ನೋಡಿದಾಗ ಕಾರು ಆಟಿಕೆ ಅನ್ನಿಸುವುದು ಇದರಿಂದ. ಜಾಣ ವಿನ್ಯಾಸಗಾರ ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಒಳಗಿನಿಂದ ಓರೆಯಾಗಿ ತೆಳ್ಳಗೆ ಮಾಡಿರುತ್ತಾನೆ. ಹವ್ಯಾಸಿ ಹುಡುಕುವುದು ಆ ಜಾಣತನವನ್ನು.

ಬಣ್ಣವೂ ಭಾಗವಾಗುವುದಿಲ್ಲ. 0.1 ಮಿಲಿಮೀಟರ್ ಬಣ್ಣ ಬಳಿದರೆ ಅದು ನಿಜ ಕಾರಿನ ಮೇಲೆ 2.4 ಮಿಲಿಮೀಟರ್ ಬಳಿದ ಲೆಕ್ಕ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ. ಮಿನುಗುವ ಬಣ್ಣದ ಅಲ್ಯೂಮಿನಿಯಂ ಚೂರು 20 ಮೈಕ್ರಾನ್, ಅಂದರೆ 0.02 ಮಿಲಿಮೀಟರ್ ಇದ್ದರೆ ನಿಜ ಕಾರಿನಲ್ಲಿ ಅರ್ಧ ಮಿಲಿಮೀಟರ್ ಆಗುತ್ತದೆ, ಅಂದರೆ ಕಾರಿಗೆ ಸಕ್ಕರೆ ಎರಚಿದ ಹಾಗೆ. ಅದಕ್ಕೆ ಗೊತ್ತಿದ್ದವರು ಇನ್ನೂ ನುಣ್ಣಗೆ ಅರೆದ ಚೂರಿನ ಬಣ್ಣ ಕೇಳುತ್ತಾರೆ.

ಟಯರಿನ ಕತೆಯೂ ಇದೇ ಜಾತಿಯದ್ದು. ನಿಜ ಕಾರಿನಲ್ಲಿ ರಬ್ಬರು ಉಕ್ಕಿನ ರಿಮ್ಮಿನ ಮೇಲೆ ಕೂರುತ್ತದೆ, ಜಗಳ ಇಲ್ಲ. ಪುಟ್ಟ ಕಾರಿನಲ್ಲಿ ಎರಡೂ ಪ್ಲಾಸ್ಟಿಕ್. ಆಕಾರ ಕುಗ್ಗಿತು, ಅಣುಗಳ ಸ್ವಭಾವ ಹಾಗೇ ಉಳಿಯಿತು.

ಇನ್ನು ಅಚ್ಚು. ಇಡ್ಲಿ ತಟ್ಟೆಯ ಗುಳಿ ಬದಿಗೆ ಓರೆಯಾಗಿರುವುದು ಯಾಕೆ? ನೆಟ್ಟಗಿದ್ದರೆ ಇಡ್ಲಿ ಏಳುವುದಿಲ್ಲ. ಉಕ್ಕಿನ ಅಚ್ಚಿನಿಂದ ಪ್ಲಾಸ್ಟಿಕ್ ಏಳಲಿಕ್ಕೂ ಒಂದೆರಡು ಡಿಗ್ರಿ ಓರೆ ಬೇಕು. ಅಂದರೆ ನೆಟ್ಟಗಿರಬೇಕಾದ ಗೋಡೆಯನ್ನು ಬೇಕಂತಲೇ ತುಸು ಸೊಟ್ಟ ಮಾಡಬೇಕು. ಕಾರಿನ ಬಾಡಿಯಂತೂ ಮೇಲೆ ಕಿರಿದು, ನಡುವೆ ಅಗಲ, ನಾಲ್ಕೂ ಕಡೆ ಗೀರು, ತಗ್ಗು. ಅದಕ್ಕೆ ಅಚ್ಚಿನ ತುಂಡುಗಳು ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಸರಿಯಬೇಕು. ಆ ತುಂಡುಗಳು ಸೇರುವಲ್ಲಿ ಮಡ್‌ಗಾರ್ಡಿನ ಮೇಲೆ ಸಣ್ಣ ಗೆರೆ ಮೂಡುತ್ತದೆ. ಉಪ್ಪುಕಾಗದ ಹಿಡಿದು ಉಜ್ಜುವುದು ನಮ್ಮ ಹಣೆಬರಹ.

ತಣಿದಾಗ ಪ್ಲಾಸ್ಟಿಕ್ ಕುಗ್ಗುತ್ತದೆ ಕೂಡ, ನೂರಕ್ಕೆ ಅರ್ಧ ಪಾಲಿನಷ್ಟು. ಮಂಗಳೂರಿನವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಶನಿನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಲೇ ಇದು ನಮ್ಮ ಊರಿಗೆ ಬಂತು. ಹಸಿ ಆವೆಮಣ್ಣು ಒಣಗಿದಾಗ ಒಮ್ಮೆ, ಗೂಡಿನಲ್ಲಿ ಬೆಂದಾಗ ಇನ್ನೊಮ್ಮೆ ಕುಗ್ಗುತ್ತದೆ. ಹಾಗಾಗಿ ಅಚ್ಚು ಹಂಚಿಗಿಂತ ದೊಡ್ಡದು. ಸಮನಾಗಿ ಕುಗ್ಗದಿದ್ದರೆ ಹಂಚು ಡೊಂಕಾಗಿ ಒಂದಕ್ಕೊಂದು ಕಚ್ಚುವುದಿಲ್ಲ, ಮಳೆ ಒಳಗೆ. (ನಮ್ಮ ಅಟ್ಟ ಸೋರಿದ್ದಕ್ಕೆ ಕಾರಣ ಬೇರೆ. ಅದು ಮಂಗ.) ಕಿಟ್ಟಿನಲ್ಲೂ ದಪ್ಪ ಇರುವಲ್ಲಿ ಜಾಸ್ತಿ ಕುಗ್ಗುತ್ತದೆ. ಬಾನೆಟ್ಟಿನ ಅಡಿಯಲ್ಲಿ ದಪ್ಪ ಗೂಟ ಇಟ್ಟರೆ ಮೇಲೆ ಸಣ್ಣ ಗುಳಿ ಬೀಳುತ್ತದೆ. ಬಣ್ಣ ಹೊಡೆಯುವವರೆಗೆ ಅದು ಕಾಣುವುದೂ ಇಲ್ಲ.

ಉಕ್ಕಿನ ಅಚ್ಚಿಗೆ ಬಹಳ ದುಡ್ಡು. ಹಾಗಾಗಿ ಕಂಪನಿಗಳು ಒಂದೇ ಅಚ್ಚನ್ನು ದಶಕಗಟ್ಟಲೆ ದುಡಿಸುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ಹೊಸ ಚಿತ್ರ ಅಂಟಿಸಿ ಹೊಸ ಡಬ್ಬದಲ್ಲಿ ಕೊಡುವಾಗ ಅಚ್ಚು ಯಾವ ವರ್ಷದ್ದು ಅಂತ ಬರೆಯಿರಿ ಅಂತಷ್ಟೇ ಕೇಳುವುದು. ಅಕ್ಕಿ ಮೂಟೆಯ ಮೇಲೆ ಹಳೇ ಅಕ್ಕಿಯೋ ಹೊಸ ಅಕ್ಕಿಯೋ ಅಂತ ಅಂಗಡಿಯವರು ಹೇಳುವುದಿಲ್ವಾ? ಕಿಟ್ಟಿನ ತುಂಡುಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಕತ್ತರಿಸಿ ತೆಗೆಯಬೇಕು. ಹಾಗೆಯೇ ಕ್ರೋಮ್ ಬಂಪರನ್ನು ಆ ಚೌಕಟ್ಟಿಗೆ ಹಿಡಿದಿಡುವ ತೊಟ್ಟನ್ನು ಹಿಂಬದಿಗೆ ಇಡಿ. ಎದುರಿಗೇ ಇಟ್ಟರೆ ಕತ್ತರಿಸಿದ ಗಾಯ ಮುಚ್ಚಲು ಆಗುವುದಿಲ್ಲ.

ಅಳತೆ ಕುಗ್ಗಿಸುವ ಸಂಖ್ಯೆಯೂ ವೇದವಾಕ್ಯ ಅಲ್ಲ. ಅರ್ಧ ಇಂಚಿಗೆ ಒಂದು ಅಡಿ ಅಂತ ಹಿಡಿದರೆ 1/24 ಬರುತ್ತದೆ. ಅಮೆರಿಕದ ಎಎಂಟಿ ಕಂಪನಿ 1/25 ಹಿಡಿದು ಕೂತಿತು. ಜಪಾನಿನ ತಮಿಯಾ 1960ರ ದಶಕದ ಆರಂಭದಲ್ಲಿ ಒಂದು ಯುದ್ಧ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟರೂ ಬ್ಯಾಟರಿಯೂ ಹಿಡಿಯುವಷ್ಟು ದೊಡ್ಡದು ಮಾಡಿತು. ಆಮೇಲೆ ಅಳೆದು ನೋಡಿದರೆ 1/35! ಇವತ್ತು ಜಗತ್ತಿನ ಟ್ಯಾಂಕ್ ಕಿಟ್ಟುಗಳಲ್ಲಿ ಹೆಚ್ಚಿನವು ಆ ಬ್ಯಾಟರಿಯ ಅಳತೆಯಲ್ಲಿವೆ. ಆದರೆ ಕಪಾಟಿನಲ್ಲಿ 1/24ರ ಪಕ್ಕ 1/25 ಇಟ್ಟರೆ ಅಂಬಾಸಿಡರ್ 7 ಮಿಲಿಮೀಟರ್ ಗಿಡ್ಡ ಆಗುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಯಾಕೆ ಗೊತ್ತಾಗುತ್ತದೆ ಅಂದರೆ, ಕಿಟ್ ಕಾರನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೂ ನಿಜ ಕಾರನ್ನು 7.2 ಮೀಟರ್ ದೂರದಿಂದ ನೋಡುವುದೂ ಒಂದೇ ಲೆಕ್ಕ. ರಸ್ತೆಯ ಈ ಬದಿಯಿಂದ ಆ ಬದಿಯ ಕಾರು. ಅಷ್ಟು ದೂರದಿಂದ ಬಾಗಿಲ ಹಿಡಿಯ ಬೀಗದ ತೂತು ಯಾರಿಗೂ ಕಾಣುವುದಿಲ್ಲ. ಮಾಡಿನ (ಕಾರಿನ ಛಾವಣಿಯ) ಇಳಿಜಾರು, ಚಕ್ರದ ಗಾತ್ರ, ಗ್ರಿಲ್ಲಿನ ಮುಖಭಾವ ಕಾಣುತ್ತದೆ. ಮಾಡು 1 ಮಿಲಿಮೀಟರ್ ತಗ್ಗಾದರೆ ನಿಜ ಕಾರಿನಲ್ಲಿ 24 ಮಿಲಿಮೀಟರ್ ತಗ್ಗು. ಎಂಜಿನ್ನಿಗೆ ನಲವತ್ತು ತುಂಡು ಕೊಟ್ಟು ಮುಖವನ್ನೇ ತಪ್ಪಿಸಿದ ಕಿಟ್ಟಿಗಿಂತ, ಎಂಜಿನ್ನೇ ಇಲ್ಲದೆ ಮುಖ ಸರಿಯಾದದ್ದು ನನಗೆ ಸಾವಿರ ಪಾಲು ಮೇಲು.

ಒಂದು ಸಣ್ಣ ದೂರು ನಮ್ಮ ಮಳೆಯ ಪರವಾಗಿ. ಸ್ಪ್ರೇ ಬಣ್ಣದ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಂಪಾಗುತ್ತದೆ. ಜುಲೈಯಲ್ಲಿ ಇಲ್ಲಿ 27 ಡಿಗ್ರಿ, ಗಾಳಿಯ ತೇವ ನೂರಕ್ಕೆ 90 ಇದ್ದರೆ ಎರಡೇ ಡಿಗ್ರಿ ತಂಪಾದರೆ ಸಾಕು, ಇಬ್ಬನಿ ಕೂತು ಕೆಂಪು ಬಾನೆಟ್ಟು ಬೂದಿ ಬಳಿದ ಹಾಗೆ ಬಿಳಿಚುತ್ತದೆ. ತೇವ 50 ಇರುವ ಊರಿನಲ್ಲಿ ಹನ್ನೊಂದು ಡಿಗ್ರಿ ತಂಪಾಗಬೇಕು. ಸೂಚನೆಯ ಕಾಗದ ಬರೆಯುವವರು ಒಮ್ಮೆ ಉಡುಪಿಗೆ ಮಳೆಗಾಲದಲ್ಲಿ ಬಂದು ಹೋಗಲಿ.

ಉಳಿದದ್ದು ನನ್ನ ಆಸೆ: 1/24ರ ಅಂಬಾಸಿಡರ್ ಕಿಟ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಕಾರು. ನಮ್ಮಲ್ಲಿ ಮದುಮಗಳೂ ಹೆಣವೂ ಒಂದೇ ಕಾರಿನಲ್ಲಿ ಹೋದ ಕಾಲವಿತ್ತು. ನನ್ನ ಕೈಗೆ ಅದರ ಕಿಟ್ ಇವತ್ತಿಗೂ ಸಿಕ್ಕಿಲ್ಲ. ಅದಕ್ಕೆ ನಾನೇ ಮಾಡುತ್ತೇನೆಂದು ಪಡುಬಿದ್ರಿಯ ಒಂದು ಶೆಡ್ಡಿಗೆ ಟೇಪು, ರಟ್ಟು, ಕತ್ತರಿ ಹಿಡಿದು ಹೋದೆ. ಟೇಪು ಉದ್ದ ಹೇಳುತ್ತದೆ, ಉಬ್ಬು ಹೇಳುವುದಿಲ್ಲ. ಹಾಗಾಗಿ ಮಡ್‌ಗಾರ್ಡಿನ ತಿರುವಿಗೆ ರಟ್ಟು ಹಿಡಿದು ಕತ್ತರಿಸುತ್ತಾ ಕೂತೆ. ಒಂದು ಗಂಟೆ ಆಯಿತು. ಮಾಲೀಕರು, ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರು, ಚಾ ತಂದಿಟ್ಟು ಬಗ್ಗಿ ನೋಡಿದರು.

"ಎಡದ್ದು ಅಳಿಬೇಡಿ ಮಾರಾಯ್ರೆ. ಅದು ಸುರತ್ಕಲ್‌ನಲ್ಲಿ ಲಾರಿಗೆ ಗುದ್ದಿ ಟಿಂಕರಿಂಗ್ ಮಾಡಿಸಿದ್ದು."

ರಟ್ಟು ಎತ್ತಿಕೊಂಡು ಬಲಗಡೆಗೆ ಹೋದೆ.

"ಅದು ಬೇರೆ ಕಾರಿದ್ದು," ಅಂದರು. "ಬಾನೆಟ್ ಮಾತ್ರ ಒರಿಜಿನಲ್."