ಕಣ್ಣಿನ ಹುಣ್ಣಿಗೆ ಹಳೇ ಔಷಧಿಯೇ ಗೆದ್ದ ಕತೆ

ಭತ್ತ ಬಡಿಯುವಾಗ ಹುಲ್ಲಿನ ತುದಿ ಕಣ್ಣಿಗೆ ತಾಗುತ್ತದೆ. ಕಬ್ಬು ಕಡಿಯುವಾಗ ರವದಿ ಗೀರುತ್ತದೆ. ಸಣ್ಣ ಗಾಯ ಅಲ್ವಾ, ಮುಖ ತೊಳೆದುಕೊಂಡು ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ಕೆಲವು ದಿನ ಕಳೆದರೆ ಕಣ್ಣು ಕೆಂಪೇರಿ, ಕಪ್ಪುಗುಡ್ಡೆಯ ಮೇಲೆ ಬೆಳ್ಳಗೆ ಹುಣ್ಣು ಕಾಣಿಸುತ್ತದೆ. ಗೀರಿದ ಜಾಗದಿಂದ ಶಿಲೀಂಧ್ರ ಕಾರ್ನಿಯಾದೊಳಗೆ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರದೊಳಗೆ, ಇಳಿದಿರುತ್ತದೆ. ಶಿಲೀಂಧ್ರ ಅಂದರೆ ಬೂಷ್ಟಿನ ಜಾತಿಯ ಜೀವಿ. ಹುಣ್ಣು ಮಾಯ್ದರೂ ಕಲೆ ಉಳಿಯುತ್ತದೆ. ಹಳ್ಳಿಗಳಲ್ಲಿ 'ಕಣ್ಣಲ್ಲಿ ಹೂ ಬಿದ್ದಿದೆ' ಎನ್ನುವುದು ಇಂಥ ಕಲೆಗೇ.

ಇದು ಎಷ್ಟು ಜನರನ್ನು ಕಾಡುತ್ತಿದೆ ಎಂಬ ಲೆಕ್ಕ ತಡವಾಗಿ ಸಿಕ್ಕಿತು. 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಧುರೈ ಜಿಲ್ಲೆಯಲ್ಲಿ ವರ್ಷಕ್ಕೆ 1 ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯಾ ಹುಣ್ಣು ಆಗುತ್ತಿತ್ತು. ಅಮೆರಿಕದ ಮಿನ್ನೆಸೋಟದ ಒಂದು ಕೌಂಟಿಯಲ್ಲಿ ಈ ಸಂಖ್ಯೆ ಸುಮಾರು 11. ಮಧುರೈಯಲ್ಲಿ ರೋಗಾಣು ಪತ್ತೆಯಾದವರಲ್ಲಿ ಅರ್ಧದಷ್ಟು ಮಂದಿಗೆ ಶಿಲೀಂಧ್ರವೇ ಕಾರಣ ಎಂದು ಮರುವರ್ಷದ ಇನ್ನೊಂದು ವರದಿ ಹೇಳಿತು. ಹೊಲದಲ್ಲಿ ದುಡಿಯುವವರ ಕಾಯಿಲೆ ಇದು. ಇದರ ಬಗ್ಗೆ ದೊಡ್ಡ ಸಂಶೋಧನೆ ಬರಲು ಇಷ್ಟು ಕಾಲ ಹಿಡಿದದ್ದು ನನಗೆ ನೋವಿನ ಸಂಗತಿ.

ಔಷಧಿ ಇರಲಿಲ್ಲ ಅಂತಲ್ಲ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1955ರಲ್ಲಿ ನಾಟಾಮೈಸಿನ್ ಎಂಬ ಶಿಲೀಂಧ್ರನಾಶಕ ಸಿಕ್ಕಿತ್ತು. ಚೀಸ್‌ಗೆ ಬೂಷ್ಟು ಹಿಡಿಯದಂತೆ ತಡೆಯಲೂ ಇದನ್ನೇ ಬಳಸುತ್ತಾರೆ. ಕಣ್ಣಿನ ಹನಿಯಾಗಿ ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಪಡೆಯಿತು. ಆದರೆ ಇದು ಕಾರ್ನಿಯಾದ ಆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. 2002ರಲ್ಲಿ ವೊರಿಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಬಂದಾಗ ಅನೇಕ ವೈದ್ಯರ ಆಸೆ ಅದರ ಕಡೆ ಹೊರಳಿತು. ಹೊಸದು, ಒಳಗೆ ಚೆನ್ನಾಗಿ ಇಳಿಯುತ್ತದೆ. ಅದೇ ಗೆಲ್ಲಬೇಕಿತ್ತು.

ಗೆಲ್ಲಲಿಲ್ಲ. ತಮಿಳುನಾಡು ಮತ್ತು ಪುದುಚೇರಿಯ ಅರವಿಂದ್ ಕಣ್ಣಿನ ಆಸ್ಪತ್ರೆಗಳು ಕ್ಯಾಲಿಫೋರ್ನಿಯಾದ ಕಣ್ಣಿನ ಸಂಶೋಧನಾ ಸಂಸ್ಥೆ ಪ್ರಾಕ್ಟರ್ ಫೌಂಡೇಶನ್ ಜೊತೆ ಸೇರಿ 2010ರಿಂದ ಈ ಎರಡೂ ಔಷಧಿಗಳನ್ನು ಹೋಲಿಸುವ ಒಂದು ಪರೀಕ್ಷೆ ನಡೆಸಿದವು. 323 ರೋಗಿಗಳು. ಯಾರಿಗೆ ಯಾವ ಹನಿ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಮೊದಲ ವಾರ ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಮ್ಮೆ ಹನಿ. ವೊರಿಕೊನಜೋಲ್ ಹಾಕಿಸಿಕೊಂಡವರಲ್ಲಿ ಕಾರ್ನಿಯಾ ತೂತಾಗುವುದು, ತುರ್ತಾಗಿ ಕಸಿ ಮಾಡಬೇಕಾಗುವುದು ಜಾಸ್ತಿಯಾಗಿತ್ತು. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಅಂದುಕೊಂಡದ್ದಕ್ಕಿಂತ ಮೊದಲೇ ನಿಲ್ಲಿಸಿದರು. ಫ್ಯುಸೇರಿಯಂ ಎಂಬ ಶಿಲೀಂಧ್ರ ಹತ್ತಿದವರಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ನಾಟಾಮೈಸಿನ್ ಪಡೆದವರು ದೃಷ್ಟಿಪಟ್ಟಿಯಲ್ಲಿ ಸರಾಸರಿ ನಾಲ್ಕು ಸಾಲು ಹೆಚ್ಚು ಓದಬಲ್ಲವರಾಗಿದ್ದರು. ನಾಲ್ಕು ಸಾಲು ಸಣ್ಣದಲ್ಲ. ಆಳಕ್ಕೆ ಇಳಿಯುವ ಔಷಧಿಯೇ ಮೇಲು ಎಂದು ಸುಮ್ನೆ ನಂಬಿದ್ದರೆ ಎಷ್ಟು ಕಣ್ಣು ಹೋಗುತ್ತಿದ್ದವೋ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾಟಾಮೈಸಿನ್ ಹನಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಎಲ್ಲ ಕಡೆ ಅದು ಸಿಗುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ಅಗ್ಗದ ರೋಗಾಣುನಾಶಕ ಆ ಜಾಗ ತುಂಬೀತೇ ಎಂದು ನೇಪಾಳದಲ್ಲಿ ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲೂ ಮುಂದಿದ್ದದ್ದು ನಾಟಾಮೈಸಿನ್ನೇ.

ಅದೇ ನೇಪಾಳದ ಭಕ್ತಪುರದಲ್ಲಿ ಇನ್ನೂ ಮುಂಚೆ ಬೇರೊಂದು ಕೆಲಸ ನಡೆದಿತ್ತು. ಕಣ್ಣು ಗೀರಿಸಿಕೊಂಡವರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮೂರು ದಿನ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಹಾಕಿದರು. 18 ಗಂಟೆಯೊಳಗೆ ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ ಎಂದು 2001ರ ವರದಿ ಹೇಳುತ್ತದೆ. ಮುಲಾಮು ಹಾಕದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ, ಹಾಗಾಗಿ ಪೂರ್ತಿ ಶ್ರೇಯ ಮುಲಾಮಿಗೇ ಕೊಡಲು ಬರುವುದಿಲ್ಲ. ಗೀರು ಬಿದ್ದ ದಿನವೇ ಯಾರೋ ಒಬ್ಬರು ಆ ಕಣ್ಣನ್ನು ನೋಡಿದ್ದರು ಎಂಬುದಂತೂ ನಿಜ.